ಅತ್ತೆ-ಸೊಸೆ ಸೈರನ್ನು

ಕನ್ನಡಕದಂಗಡಿಯ ಯಜಮಾನರಿಗೆ ಕಿವಿ ಮಂದವಾಗಿದೆ ಎಂಬ ಸಂಗತಿ ಆ ಬೀದಿಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬರು ಅವರ ತಾಯಿ, ಇನ್ನೊಬ್ಬರು ಅವರ ಹೆಂಡತಿ. ಯಜಮಾನರಿಗೆ ಗೊತ್ತಿರಲಿಲ್ಲ. ಇಬ್ಬರೂ ಎಷ್ಟೋ ಸಲ ಹೇಳಿದ್ದರು, ಅವರಿಗೆ ಕೇಳಿಸಿರಲಿಲ್ಲ.

ಅಪ್ಪಿತಪ್ಪಿ ಕೇಳಿಸಿದಾಗಲೂ ಅವರು ಒಪ್ಪಿರಲಿಲ್ಲ. ಅವರ ಪ್ರಕಾರ ಹಾಳಾಗಿದ್ದು ತಮ್ಮ ಕಿವಿಯಲ್ಲ, ಲೋಕದ ಮಾತು. "ಈಗಿನವರು ಯಾರು ಬಾಯಿ ಬಿಟ್ಟು ಮಾತಾಡ್ತಾರೆ? ಎಲ್ಲಾ ಗೊಣಗೋದೇ" ಎನ್ನುತ್ತಿದ್ದರು. ಹೆಂಡತಿಯ ವಿಷಯದಲ್ಲಂತೂ ಅವರ ಬಳಿ ಗಟ್ಟಿ ಪುರಾವೆಯೇ ಇತ್ತು. ಆಕೆ ಗ್ರಂಥಾಲಯದಲ್ಲಿ ಕೆಲಸ ಮಾಡುವವರು. ದಿನವಿಡೀ ಪಿಸುಮಾತಿನಲ್ಲಿ ದುಡಿದು ಬಂದವರಿಗೆ ಮನೆಯಲ್ಲಿ ತಟ್ಟನೆ ಗಂಟಲು ಏಳುವುದಾದರೂ ಹೇಗೆ ಎಂಬುದು ಯಜಮಾನರ ವಾದ. ನಿಜಸ್ಥಿತಿ ಬೇರೆಯೇ ಇತ್ತು. ಆಕೆ ಮನೆಯಲ್ಲಿ ಅರಚಿ ಅರಚಿ ಗಂಟಲು ಕೆಡಿಸಿಕೊಂಡು, ಅದಕ್ಕೆ ವಿಶ್ರಾಂತಿ ಕೊಡಲೆಂದೇ ಬೆಳಿಗ್ಗೆ ಲಗುಬಗೆಯಿಂದ ಗ್ರಂಥಾಲಯಕ್ಕೆ ಹೊರಡುತ್ತಿದ್ದರು.

ಅಂಗಡಿಯಲ್ಲಿ ಯಜಮಾನರು ಬೇರೆಯೇ ಮನುಷ್ಯ. ಕನ್ನಡಕ ಹಾಕಿಕೊಳ್ಳಲು ಸಂಕೋಚಪಡುವ ಗಿರಾಕಿಗಳಿಗೆ ಅವರು ಹೇಳುವ ಬುದ್ಧಿಮಾತನ್ನು ಕಲ್ಲಿನಲ್ಲಿ ಕೆತ್ತಿಸಬೇಕು. "ಕಣ್ಣು ಮಂಜಾದ್ರೆ ಕನ್ನಡಕ ಹಾಕ್ಕೋಬೇಕಪ್ಪ. ಅದರಲ್ಲಿ ನಾಚಿಕೆ ಎಂಥದ್ದು? ವಯಸ್ಸು ಎಲ್ಲರಿಗೂ ಆಗುತ್ತೆ. ಮುಚ್ಚಿಟ್ಟುಕೊಂಡು ಗೋಡೆಗೆ ಡಿಕ್ಕಿ ಹೊಡೆಯೋದು ದೊಡ್ಡಸ್ತಿಕೆಯಾ?" ಇದನ್ನು ಕೇಳಿ ಗಿರಾಕಿ ತಲೆದೂಗಿ, "ಹಾಗಾದ್ರೆ ಇದರ ಬೆಲೆ ಎಷ್ಟು?" ಎಂದರೆ, ಯಜಮಾನರು, "ಹೌದು, ಎಡ ಬಲ ಎರಡೂ ಕಣ್ಣಿಗೂ ಚೆನ್ನಾಗಿ ಕೂರುತ್ತೆ" ಎಂದು ಉತ್ತರಿಸುತ್ತಿದ್ದರು.

ಹೆಂಡತಿಯ ತಮ್ಮ ಕಿವಿಯ ಮಷೀನು ಮಾರುವವನು. ಅಕ್ಕನ ಗಂಟಲಿನ ಅವಸ್ಥೆ ನೋಡಲಾರದೆ ಅವನೊಂದು ಮಷೀನನ್ನು ಪುಟ್ಟ ನೀಲಿ ಡಬ್ಬಿಯಲ್ಲಿಟ್ಟು ತಂದುಕೊಟ್ಟಿದ್ದ. ಅದು ಹಜಾರದ ಕಪಾಟಿನ ಮೇಲೆ ಗಡಿಯಾರದ ಪಕ್ಕದಲ್ಲಿ ಕೂತಿತ್ತು. ಯಜಮಾನರು ಗಡಿಯಾರ ನೋಡುವಾಗಲೂ ಆ ಡಬ್ಬಿಯ ಮೇಲೆ ಕಣ್ಣು ಬೀಳದಂತೆ ಕತ್ತು ಓರೆ ಮಾಡಿಕೊಳ್ಳುತ್ತಿದ್ದರು. ಇದಕ್ಕೆ ಕಾರಣವಿತ್ತು. ಅವರ ತಂದೆಗೂ ಕೊನೆಗಾಲದಲ್ಲಿ ಇಂಥದೊಂದು ಯಂತ್ರವಿತ್ತು. ಹಳೆಯ ಕಾಲದ್ದು, ಹೊತ್ತಿಲ್ಲ ಗೊತ್ತಿಲ್ಲ ಸೀಟಿ ಹೊಡೆಯುತ್ತಿತ್ತು. ಬೀದಿಯವರು ಅವರನ್ನು "ಕುಕ್ಕರ್ ತಾತ" ಎಂದು ಕರೆಯುತ್ತಿದ್ದರು. ಮಗನಿಗೆ ಆ ಹೆಸರು ಇನ್ನೂ ಎದೆಯಲ್ಲಿ ಚುಚ್ಚುತ್ತಿತ್ತು. ತಾವು ಆ ಡಬ್ಬಿ ತೆರೆದ ದಿನವೇ "ಚಿಕ್ಕ ಕುಕ್ಕರ್" ಎಂಬ ಬಿರುದು ಮನೆ ಬಾಗಿಲಿಗೆ ಬರುತ್ತದೆ ಎಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ.

ಇಷ್ಟರಲ್ಲಿ ಒಂದು ಸಂಜೆ ಎರಡನೇ ಮಹಡಿಯ ಬಾಲ್ಕನಿಯಲ್ಲಿ ಗಂಡಹೆಂಡಿರು ಚಹಾ ಕುಡಿಯುತ್ತಿದ್ದಾಗ ಮಾತಿಗೆ ಮಾತು ಬೆಳೆಯಿತು. ಹೆಂಡತಿ "ಸಕ್ಕರೆ ಸಾಕಾ?" ಎಂದರು. ಯಜಮಾನರು "ಅಕ್ಕ ಯಾಕೆ ಬರ್ತಾಳೆ ಈಗ?" ಎಂದರು.

"ಇನ್ನು ನನ್ನ ಕೈಲಾಗಲ್ಲ ರೀ. ಆ ಡಬ್ಬಿ ತೆಗೀರಿ."

"ನನ್ನ ಕಿವಿಗೇನಾಗಿದೆ?"

"ಏನೂ ಉಳಿದಿಲ್ಲ ಅನ್ನೋದೇ ಆಗಿದೆ."

ಆ ಹೊತ್ತಿಗೆ ಸರಿಯಾಗಿ, ಎದುರು ಕಟ್ಟಡದ ದಂತವೈದ್ಯರ ಗಾಜಿನ ಗೋಡೆಯ ಮೇಲೆ ನೀಲಿ ಬೆಳಕೊಂದು ಸುಯ್ಯೆಂದು ಹಾದುಹೋಯಿತು. ಆ ಗಾಜು ಬೀದಿಯ ಮೂಲೆಯಲ್ಲಿ ಓರೆಯಾಗಿ ನಿಂತಿತ್ತು. ದೂರದ ದೊಡ್ಡ ರಸ್ತೆಯೆಲ್ಲ ಅದರಲ್ಲಿ ಕಾಣುತ್ತಿತ್ತು. ಯಜಮಾನರ ಕಣ್ಣು ಹದ್ದಿನ ಕಣ್ಣು. ಕೂಡಲೇ ಕೈ ಎತ್ತಿ, "ಶ್! ಆಂಬುಲೆನ್ಸ್ ಬರ್ತಿದೆ" ಎಂದರು. ಹೆಂಡತಿ ಕಿವಿಗೊಟ್ಟರು. ಏನೂ ಇಲ್ಲ. ನಗಲು ಬಾಯಿ ತೆರೆಯುವಷ್ಟರಲ್ಲಿ ದೂರದಿಂದ ಸಣ್ಣಗೆ ಸೈರನ್ನು ಕೇಳಿಸಿತು. ಆಂಬುಲೆನ್ಸೇ. ಆಕೆ ತೆರೆದ ಬಾಯಿ ಹಾಗೇ ಉಳಿಯಿತು.

"ನಿನಗಿಂತ ಮುಂಚೆ ಕೇಳಿಸ್ತು ನೋಡು" ಎಂದರು ಯಜಮಾನರು. ಗೆದ್ದ ಗಂಡಸು ಅಲ್ಲಿಗೆ ಸುಮ್ಮನಿರಬೇಕಿತ್ತು. ಇರಲಿಲ್ಲ. "ಸೈರನ್ ವಿಷಯದಲ್ಲಿ ನಾನು ಒಂದು ಸಲ ತಪ್ಪು ಹೇಳಿದ್ರೂ ಸರಿ, ಆವತ್ತೇ ಆ ಡಬ್ಬಿ ತೆಗೀತೀನಿ. ಅಲ್ಲೀವರೆಗೂ ಅದರ ಸುದ್ದಿ ಎತ್ತಬೇಡ" ಎಂದು ಸಾರಿದರು. ಕಿವಿ ಮಂದವಾದವರು ಗುಟ್ಟನ್ನೂ ಗಟ್ಟಿಯಾಗಿಯೇ ಹೇಳುತ್ತಾರೆ. ಕೆಳಗಿನ ಮನೆಯ ಮುಂದೆ ಗಿಡಗಳಿಗೆ ನೀರು ಹಾಕುತ್ತಿದ್ದ ಹೆಡ್ ಕ್ಲಾರ್ಕ್ ಅದನ್ನು ಪೂರ್ತಿಯಾಗಿ ಕೇಳಿಸಿಕೊಂಡರು. ಅವರು ಅಗ್ನಿಶಾಮಕ ಠಾಣೆಯ ಹೆಡ್ ಕ್ಲಾರ್ಕ್. ಸೈರನ್ನು ಎಂದರೆ ಅವರಿಗೆ ಕಚೇರಿಯ ಮಾತು.

ವಾರ ಕಳೆಯುವುದರೊಳಗೆ ಕನ್ನಡಕದ ಯಜಮಾನರು ಸೈರನ್ ಯಜಮಾನರಾದರು. ಸಂಜೆಯಾದರೆ ಅಕ್ಕಪಕ್ಕದವರು ಕುರ್ಚಿ ಹೊತ್ತುಕೊಂಡು ಕೆಳಗೆ ಸೇರುತ್ತಿದ್ದರು. ಬಾಲ್ಕನಿಯಿಂದ ಯಜಮಾನರು, "ಬೆಂಕಿ ಗಾಡಿ" ಎನ್ನುವರು. ಸ್ವಲ್ಪ ಹೊತ್ತಿಗೆ ಬೆಂಕಿ ಗಾಡಿಯ ಸದ್ದೇ ಬರುವುದು. "ಪೊಲೀಸು" ಎನ್ನುವರು. ಪೊಲೀಸೇ. ಕೆಂಪು, ನೀಲಿ, ಎರಡೂ ಸೇರಿದ್ದು ಎಂದು ಗಾಜು ಹೇಳಿಕೊಡುತ್ತಿತ್ತು. ಯಜಮಾನರು ಗಾಜಿನ ಕಡೆ ನೋಡಿಯೂ ನೋಡದಂತೆ ಕಣ್ಣನ್ನು ಅರ್ಧ ಮುಚ್ಚಿಕೊಂಡು ನುಡಿಯುತ್ತಿದ್ದರು. ಜನರಿಗೆ ಅದು ಧ್ಯಾನದಂತೆ ಕಾಣುತ್ತಿತ್ತು. ಹಗಲಲ್ಲಿ ಯಾರಾದರೂ ಪರೀಕ್ಷಿಸಲು ಬಂದರೆ, "ಬಿಸಿಲಲ್ಲಿ ಶಬ್ದ ತೆಳ್ಳಗಾಗುತ್ತೆ" ಎಂದುಬಿಡುತ್ತಿದ್ದರು. ಇದು ಯಾವ ಶಾಸ್ತ್ರದಲ್ಲಿದೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಅವರಿಗೆ ಕೇಳಿಸುತ್ತಿರಲಿಲ್ಲ.

ಜನ ಸೇರಿದ ಮೇಲೆ ಉಪನ್ಯಾಸ ಬೇಡವೇ? ಒಮ್ಮೆ ಕನ್ನಡಕದ ಚೌಕಟ್ಟುಗಳನ್ನು ಸುತ್ತಿ ಬಂದಿದ್ದ ಹಳೆಯ ಪತ್ರಿಕೆಯ ಹಾಳೆಯಲ್ಲಿ ಸೈರನ್ನಿನ ಚರಿತ್ರೆಯಿತ್ತು. ಅರ್ಧ ಹಾಳೆ ಹರಿದುಹೋಗಿತ್ತು. ಉಳಿದರ್ಧವನ್ನು ಯಜಮಾನರು ತಮ್ಮ ಕಡೆಯಿಂದ ತುಂಬಿಸಿಕೊಂಡರು.

"ಮೊದಲು ಗಂಟೆ ಇತ್ತು. ಬೆಂಕಿ ಬಿದ್ದ ಕಡೆಗೆ ಕುದುರೆ ಗಾಡಿ ಓಡೋದು, ಒಬ್ಬ ಗಂಟೆ ಹೊಡೆಯೋದು. ಆಮೇಲೆ ಕೈಯಲ್ಲಿ ತಿರುಗಿಸೋ ಸೈರನ್ ಬಂತು. ಅದಕ್ಕೂ ಮುಂಚೆ ಒಬ್ಬ ವಿಜ್ಞಾನಿ ತೂತುತೂತಿನ ತಟ್ಟೆ ಮಾಡಿದ್ದ. ತಿರುಗಿಸಿದ್ರೆ ನೀರಿನೊಳಗೂ ಹಾಡೋದಂತೆ. ಹಳೇ ಕಥೆಯಲ್ಲಿ ಸಮುದ್ರದ ಹೆಂಗಸರು ಇದ್ರಲ್ಲ, ಹಾಡಿ ಹಾಡಿ ನಾವಿಕರನ್ನ ಕರೆಯೋರು, ಅವರ ಹೆಸರನ್ನೇ ಇದಕ್ಕಿಟ್ರು. ಆಗ ಸೈರನ್ ಕೇಳಿದವನು ಹತ್ತಿರ ಹೋಗಿ ಕೆಡ್ತಿದ್ದ. ಈಗ ಕೇಳಿದವನು ದೂರ ಸರೀಬೇಕು. ಸರೀದಿದ್ರೆ ಕೆಡ್ತಾನೆ."

"ಮತ್ತೆ ದೀಪ?" ಎಂದು ಹೆಡ್ ಕ್ಲಾರ್ಕ್ ಕೈಯನ್ನು ಗಿರಗಿರ ತಿರುಗಿಸಿ ಕೇಳಿದರು. ಕೈ ಸನ್ನೆ ಇದ್ದದ್ದರಿಂದ ಯಜಮಾನರಿಗೆ ಅರ್ಥವಾಯಿತು.

"ಹಳೇ ಗಾಡಿಗಳಲ್ಲಿ ತಿರುಗ್ತಿದ್ದದ್ದು ದೀಪ ಅಲ್ಲ ಸ್ವಾಮಿ. ದೀಪ ಪಾಪ ಸುಮ್ಮನೆ ಕೂತಿರೋದು. ಅದರ ಸುತ್ತ ಕನ್ನಡಿ ತಿರುಗೋದು." ಅವರು ಆವತ್ತು ಹೇಳಿದ್ದರಲ್ಲಿ ಇದೊಂದನ್ನು ಮಾತ್ರ ಕಣ್ಣಾರೆ ಕಂಡು ಹೇಳಿದ್ದು.

ಹಿಂದೆಂದೋ ಕೇಳಿದ್ದ ಸೈರನ್ನಿನ ಸದ್ದುಗಳಿಗೂ ಅವರು ಹೆಸರಿಟ್ಟಿದ್ದರು. ನಿಧಾನವಾಗಿ ಏರಿ ಇಳಿಯುವುದು "ಊಳು". ಚಟಪಟನೆ ಏರಿಳಿಯುವುದು "ಕುಂಯ್ಕುಂಯ್". ಒಂದು ಮೇಲಿನ ಸ್ವರ, ಒಂದು ಕೆಳಗಿನ ಸ್ವರ, ಮತ್ತೆ ಮೇಲಿನದು, ಮತ್ತೆ ಕೆಳಗಿನದು ಎಂದು ಬಿಡದೆ ಹೊಡೆದುಕೊಳ್ಳುತ್ತದಲ್ಲ, ಅದು "ಅತ್ತೆ-ಸೊಸೆ".

"ಇಬ್ಬರಲ್ಲಿ ಒಬ್ಬರೂ ಸೋಲಲ್ಲ. ಆಸ್ಪತ್ರೆ ಬಂದ್ರೂ ನಿಲ್ಸಲ್ಲ" ಎಂದು ಯಜಮಾನರು ವಿವರಿಸಿದಾಗ ಕೆಳಗಿನ ಕುರ್ಚಿಗಳೆಲ್ಲ ನಕ್ಕವು. ಅವರು ಮಾತ್ರ ನಗಲಿಲ್ಲ. ಈ ಹೆಸರು ಅವರ ಸ್ವಂತ ಸಂಕಟದಿಂದ ಹುಟ್ಟಿದ್ದು. ದಿನವೂ ಸಂಜೆ ಅಡಿಗೆಮನೆಯ ಬಾಗಿಲಿನಿಂದ ಅವರಿಗೆ ಒಂದು ದೃಶ್ಯ ಕಾಣುತ್ತಿತ್ತು. ತಾಯಿ ಸೌಟು ಝಳಪಿಸುತ್ತಾರೆ, ಬಾಯಿ ಆಡುತ್ತದೆ. ಹೆಂಡತಿ ಹುಬ್ಬು ಗಂಟಿಕ್ಕಿ ಕೈ ಬೀಸುತ್ತಾರೆ, ಬಾಯಿ ಆಡುತ್ತದೆ. ಮತ್ತೆ ಸೌಟು, ಮತ್ತೆ ಕೈ. ಮನೆಯಲ್ಲಿ ವರ್ಷಗಳಿಂದ ನಡೆಯುತ್ತಿರುವ ಈ ಯುದ್ಧದಲ್ಲಿ ಯಾರ ಪಕ್ಷ ವಹಿಸುವುದೆಂದು ತಿಳಿಯದೆ ಅವರು ಬಾಲ್ಕನಿಗೆ ಹೋಗಿ ಕೂರುತ್ತಿದ್ದರು. ಒಂದು ಕಡೆ ಹೆತ್ತವಳು, ಒಂದು ಕಡೆ ಕೈಹಿಡಿದವಳು; ಪಾಪ, ಅವರಾದರೂ ಏನು ಮಾಡಿಯಾರು?

ಹೀಗಿರುವಾಗ ಅಗ್ನಿಶಾಮಕ ಠಾಣೆಗೆ ಹೊಸ ಗಾಡಿ ಬಂತು. ಗಾಡಿಗೆ ಹೊಸ ಸೈರನ್ನು. ಅದನ್ನು ಒಪ್ಪಿಕೊಳ್ಳುವ ಮುಂಚೆ ಯಾರಾದರೂ ತಿಳಿದವರು ಕೇಳಿ ಹೇಳಲಿ ಎಂದು ಠಾಣೆಯ ಸಾಹೇಬರಿಗೆ ಅನ್ನಿಸಿತು. ಹೆಡ್ ಕ್ಲಾರ್ಕ್ ಎದೆಯುಬ್ಬಿಸಿ, "ಸಾರ್, ನಮ್ಮ ಮೇಲ್ಮನೆಯಲ್ಲೇ ಒಬ್ಬರಿದ್ದಾರೆ. ಗಾಡಿ ಹೊರಡೋಕ್ಕಿಂತ ಮುಂಚೆ ಅವರಿಗೆ ಕೇಳಿಸುತ್ತೆ" ಎಂದರು. ಆಹ್ವಾನ ಬಂತು.

ಯಜಮಾನರು ಎರಡೂ ಕಡೆ ಲೆಕ್ಕ ಹಾಕಿದರು. ಬೇಡವೆಂದರೆ ಹೆಂಡತಿಯ ಮುಂದೆ ಮಾತು ಹೋಗುತ್ತದೆ, ಡಬ್ಬಿ ತೆರೆಯಬೇಕಾಗುತ್ತದೆ. ಹೋದರೆ ಗಾಜಿನ ಗೋಡೆ ಜೊತೆಗೆ ಬರುವುದಿಲ್ಲ. ಆಮೇಲೆ ಅವರೇ ಸಮಾಧಾನ ಮಾಡಿಕೊಂಡರು: ಗಾಡಿ ಎದುರಿಗೇ ಇರುತ್ತದೆ, ತಲೆಯ ಮೇಲೆ ದೀಪ ಇದ್ದೇ ಇರುತ್ತದೆ. ದೀಪ ಉರಿದರೆ ಸೈರನ್ನು ಕೂಗುತ್ತಿದೆ ಎಂದು ಅರ್ಥ. ಇದಕ್ಕೆ ಕಿವಿ ಯಾಕೆ?

ಆ ಬೆಳಿಗ್ಗೆ ಹೆಂಡತಿ ಕೆಲಸಕ್ಕೆ ಹೋದ ಮೇಲೆ ಯಜಮಾನರು ಸಾಮಾನಿನ ಕೋಣೆಯಿಂದ ತಮ್ಮ ಕರೀ ಕೋಟು ತೆಗೆದು ಕೊಡವಿ ತೊಟ್ಟರು. ಕೋಣೆಯ ಬಾಗಿಲು ಎಳೆದು ಬೀಗ ಹಾಕಿದರು. ಬಾಗಿಲ ಹಿಂದಿನಿಂದ ಏನೋ ಸಣ್ಣಗೆ ಗೊಣಗಿದಂತಾಯಿತು. ತಾಯಿ ಎಂದಿನಂತೆ ಅಡಿಗೆಮನೆಯಿಂದ ತಿಂಡಿಯ ಬಗ್ಗೆ ವಿಚಾರಿಸುತ್ತಿದ್ದಾರೆಂದು ಭಾವಿಸಿ, "ಆಯ್ತಮ್ಮ, ತಿಂಡಿ ಆಯ್ತು. ಹೋಗಿ ಬರ್ತೀನಿ" ಎಂದು ಗಟ್ಟಿಯಾಗಿ ಹೇಳಿ, ಕೀಲಿಯನ್ನು ಕೋಟಿನ ಜೇಬಿಗೆ ಇಳಿಬಿಟ್ಟು ಹೊರಟರು. ಫೋನನ್ನು ಕೋಣೆಯ ಟ್ರಂಕಿನ ಮೇಲೆಯೇ ಮರೆತಿದ್ದರು.

ಠಾಣೆಯ ಅಂಗಳದಲ್ಲಿ ಹೊಸ ಗಾಡಿ ಮದುಮಗನ ಹಾಗೆ ನಿಂತಿತ್ತು. ಸಾಹೇಬರು, ಹೆಡ್ ಕ್ಲಾರ್ಕ್, ಡ್ರೈವರಣ್ಣ, ಸಿಬ್ಬಂದಿ, ಸೈರನ್ ಕಂಪನಿಯಿಂದ ಬಂದ ಟೈ ಕಟ್ಟಿದ ಏಜೆಂಟ್, ಎಲ್ಲರೂ ಸಾಲಾಗಿ ನಿಂತಿದ್ದರು. ಯಜಮಾನರು ಮೊದಲು ನೋಡಿದ್ದು ಗಾಡಿಯ ತಲೆಯನ್ನು. ದೀಪಗಳ ಮೇಲೆ ದಪ್ಪ ಬಟ್ಟೆ ಹೊದಿಸಿದ್ದರು. ಮರುದಿನ ನಗರಸಭೆಯ ಅಧ್ಯಕ್ಷರು ಬಂದು ಆ ಬಟ್ಟೆ ಸರಿಸಿ ಉದ್ಘಾಟನೆ ಮಾಡುವವರಿದ್ದರು. ಈ ವಿಷಯವನ್ನು ಸಾಹೇಬರು ವಿವರವಾಗಿಯೇ ಹೇಳಿದರು. ಯಜಮಾನರು ಅವರ ಮೀಸೆಯ ಚಲನೆಯನ್ನು ಗಮನಿಸಿ "ಸಂತೋಷ" ಎಂದರು.

ಏಜೆಂಟ್ ಗುಂಡಿ ಒತ್ತಿದ.

ಊಳು ಎದ್ದಿತು. ಕಾಂಪೌಂಡಿನ ಮೇಲಿದ್ದ ಬೆಕ್ಕು ಆಚೆಗೆ ಬಿತ್ತು. ಸಾಹೇಬರ ಟೋಪಿ ನಡುಗಿತು. ಹೆಡ್ ಕ್ಲಾರ್ಕ್ ಎರಡೂ ಕಿವಿಗೆ ಬೆರಳು ಜಡಿದುಕೊಂಡರು. ನಿಲ್ಲಿಸಿದ್ದ ಬೈಕುಗಳು ತಂತಾವೇ ಬೊಬ್ಬೆ ಹಾಕತೊಡಗಿದವು. ಯಜಮಾನರು ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಬಟ್ಟೆ ಹೊದ್ದ ದೀಪವನ್ನೇ ನೋಡುತ್ತಾ ಪ್ರಶಾಂತವಾಗಿ ನಿಂತಿದ್ದರು. ಎಲ್ಲೋ ದೂರದಲ್ಲಿ ಸೊಳ್ಳೆಯೊಂದು ಗುಂಯ್ಗುಟ್ಟಿದಂತೆ ಅವರಿಗೆ ಅನ್ನಿಸಿತು. ಒಂದು ಕ್ಷಣ ಕಾದರು, ಎರಡು ಕ್ಷಣ ಕಾದರು. ಆಮೇಲೆ ದೊಡ್ಡ ಮನಸ್ಸಿನಿಂದ ಹೇಳಿದರು:

"ನಾನು ರೆಡಿ. ನೀವು ಶುರು ಮಾಡಬಹುದು."

ಏಜೆಂಟನ ಮುಖ ಬಿಳಿಚಿಕೊಂಡಿತು. ಅವನು ಸದ್ದನ್ನು ಪೂರ್ತಿ ಏರಿಸಿ ಕುಂಯ್ಕುಂಯ್ ಬಿಟ್ಟ. ಅಂಗಳದ ಕಿಟಕಿಗಳು ಕಟಕಟ ಹಲ್ಲು ಕಡಿದವು. ಸಿಬ್ಬಂದಿಯಲ್ಲಿ ಅರ್ಧ ಜನ ಗಾಡಿಯ ಹಿಂದಕ್ಕೆ ಓಡಿದರು.

"ಸಂಕೋಚ ಬೇಡ" ಎಂದರು ಯಜಮಾನರು. "ಟೈಮ್ ತಗೊಳ್ಳಿ. ನನಗೇನೂ ಅವಸರ ಇಲ್ಲ."

"ಸಾರ್, ಇದಕ್ಕಿಂತ ಮೇಲೆ ಇಲ್ಲ ಸಾರ್!" ಎಂದು ಏಜೆಂಟ್ ಕಿರುಚಿದ. ಅವನ ಕತ್ತಿನ ನರಗಳು ಉಬ್ಬಿದ್ದನ್ನು ನೋಡಿ ಯಜಮಾನರು, ಪಾಪ ಹುಡುಗ ಹೆದರಿದ್ದಾನೆ ಎಂದುಕೊಂಡರು. ಹೆಡ್ ಕ್ಲಾರ್ಕ್ ಕಿವಿಯಿಂದ ಬೆರಳು ತೆಗೆಯದೆಯೇ ಸಾಹೇಬರ ಹತ್ತಿರ ಸರಿದು, "ನೋಡಿದ್ರಾ ಸಾರ್? ಅವರ ಲೆಕ್ಕದಲ್ಲಿ ಇದು ಸೈರನ್ನೇ ಅಲ್ಲ!" ಎಂದು ಕೂಗಿದರು. ಸಾಹೇಬರು ಏಜೆಂಟನ ಕಡೆ ಕೆಂಗಣ್ಣು ಬಿಟ್ಟರು. ಏಜೆಂಟ್ ಕಣ್ಣಲ್ಲಿ ನೀರು ತುಂಬಿಕೊಂಡು ಅತ್ತೆ-ಸೊಸೆ ಬಿಟ್ಟ. ಅತ್ತೆ ಸೊಸೆ ಇಬ್ಬರೂ ಪ್ರಾಣ ಕೊಟ್ಟು ಹೊಡೆದಾಡಿದರು. ಯಜಮಾನರು ಆಕಳಿಸಿದರು.

ಆಮೇಲೆ ಅವರಿಗೇ ಇದು ಅತಿಯಾಯಿತು ಅನ್ನಿಸಿತು. ದೀಪದ ಕಡೆ ಬೆರಳು ತೋರಿಸಿ, "ನೋಡಿ, ಬೆಳಕಿಲ್ಲದೆ ಸದ್ದಿಲ್ಲ. ಮೊದಲು ಅದನ್ನ ತೆಗೀರಿ" ಎಂದರು.

"ಬೆಳಕಿಲ್ಲದೆ ಸದ್ದಿಲ್ಲ!" ಸಾಹೇಬರು ಎರಡು ಸಲ ಹೇಳಿಕೊಂಡರು. "ಎಂಥ ಮಾತು ರೀ! ಗೋಡೆ ಮೇಲೆ ಬರೆಸಿ ಇದನ್ನ." ಅಧ್ಯಕ್ಷರ ಉದ್ಘಾಟನೆ ಹಾಳಾಗಿ ಹೋಗಲಿ ಎಂದು ಬಟ್ಟೆ ಕಿತ್ತು ತೆಗೆಸಿದರು. ಏಜೆಂಟ್ ಸೈರನ್ನು ನಿಲ್ಲಿಸಿ, ತಂತಿ ಸರಿಪಡಿಸಿ, ದೀಪದ ಗುಂಡಿ ಒತ್ತಿದ. ಅಂಗಳದಲ್ಲಿ ಗವ್ವೆನ್ನುವ ನಿಶ್ಶಬ್ದ. ಗಾಡಿಯ ತಲೆಯ ಮೇಲೆ ಕೆಂಪು ದೀಪ ಝಗ್ಗೆಂದು ಬೀಸಿ ಬೀಸಿ ಹೊಳೆಯಿತು.

ಯಜಮಾನರ ಮುಖ ಅರಳಿತು. "ಆಹಾ! ಈಗ ಬಂತು ನೋಡಿ!" ಎಂದು ಕಣ್ಣು ಮುಚ್ಚಿ ತಾಳ ಹಾಕುತ್ತಾ ತಲೆದೂಗಿದರು. "ಎಂಥ ಗಂಟಲು! ಏರೋದು ನೋಡಿ, ಇಳಿಯೋದು ನೋಡಿ! ಆದ್ರೆ ಸ್ವಲ್ಪ ಜೋರಾಯ್ತು. ಅಕ್ಕಪಕ್ಕದಲ್ಲಿ ಕಾಯಿಲೆಯವರಿರ್ತಾರೆ, ಕಮ್ಮಿ ಮಾಡಿ."

ಸಾಹೇಬರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಸದ್ದು ನಿಂತ ಮೇಲೂ ಕೇಳೋ ಕಿವಿ" ಎಂದು ಪಿಸುಗುಟ್ಟಿದರು. "ನಾನು ನನ್ನ ಸರ್ವೀಸಲ್ಲೇ ನೋಡಿಲ್ಲ."

ಆ ಮೌನದಲ್ಲಿ ಒಳಗೆ ಕಚೇರಿಯ ಫೋನು ಹೊಡೆದುಕೊಳ್ಳುತ್ತಿರುವುದು ಹೆಡ್ ಕ್ಲಾರ್ಕಿಗೆ ಕೇಳಿಸಿತು. ಎಷ್ಟು ಹೊತ್ತಿನಿಂದ ಹೊಡೆದುಕೊಳ್ಳುತ್ತಿತ್ತೋ! ಅವರು ಒಳಗೋಡಿದರು. ಯಜಮಾನರು ಸಾಹೇಬರ ಕೈ ಕುಲುಕಿ, ಏಜೆಂಟನ ಬೆನ್ನು ತಟ್ಟಿ, ಗೇಟು ದಾಟಿ ಮನೆಯ ಕಡೆ ಹೆಜ್ಜೆ ಹಾಕಿದರು. ಹೆಡ್ ಕ್ಲಾರ್ಕ್ ಹೊರಗೋಡಿ ಬಂದು, "ಯಜಮಾನರೇ! ನಿಲ್ಲಿ! ನಿಮ್ಮನೆ!" ಎಂದು ಕೂಗಿದಾಗ ಅವರು ಗೇಟಿನಾಚೆ ಇದ್ದರು.

ಫೋನು ಮಾಡಿದ್ದು ಯಜಮಾನರ ಹೆಂಡತಿ. ಪರೀಕ್ಷೆ ಹೇಗಾಯಿತೆಂದು ಕೇಳಲು ಅವರು ಗ್ರಂಥಾಲಯದಿಂದ ಗಂಡನ ಫೋನಿಗೆ ಕರೆ ಮಾಡಿದ್ದರು. ಎತ್ತಿದವರು ಅತ್ತೆ.

"ನಿನ್ನ ಗಂಡ ನನ್ನನ್ನ ಸಾಮಾನಿನ ಕೋಣೇಲಿ ಹಾಕಿ ಬೀಗ ಜಡಿದು ಹೋಗಿದಾನೆ ಕಣಮ್ಮ. ಕಂಬಳಿ ತಗೊಳ್ಳೋಕೆ ಮೂಲೆಗೆ ಹೋಗಿದ್ದೆ. 'ಒಳಗಿದೀನಿ ಕಣೋ' ಅಂದ್ರೆ 'ತಿಂಡಿ ಆಯ್ತು' ಅಂತಾನೆ."

ಜೀವಮಾನದಲ್ಲಿ ಮೊದಲ ಬಾರಿಗೆ ಆಕೆ ಗ್ರಂಥಾಲಯದಲ್ಲಿ "ಅಯ್ಯಯ್ಯೋ!" ಎಂದು ಕೂಗಿದರು. ಓದುಗರೆಲ್ಲ ತಲೆಯೆತ್ತಿ "ಶ್!" ಎಂದರು. ಮನೆಗೋಡಿ ಬಂದು ನೋಡಿದರೆ ಕೀಲಿ ಇಲ್ಲ. ಬಾಗಿಲು ಹಳೆಯ ಮರದ್ದು, ಗುದ್ದಿದರೆ ಕೈಯೇ ಮುರಿಯಬೇಕು. ಒಳಗೆ ಕಿಟಕಿಯಿಲ್ಲ, ಸೆಕೆ, ಅತ್ತೆಗೆ ವಯಸ್ಸಾಗಿದೆ. ಠಾಣೆಗೆ ಫೋನು ಮಾಡುತ್ತಲೇ ಇದ್ದರು. ಅಲ್ಲಿ ಸೈರನ್ನಿನ ಅಬ್ಬರದಲ್ಲಿ ಯಾರಿಗೂ ಕೇಳಿಸಲಿಲ್ಲ. ಕೊನೆಗೆ ಹೆಡ್ ಕ್ಲಾರ್ಕ್ ಎತ್ತಿದಾಗ, "ನಮ್ಮತ್ತೆ ಕೋಣೇಲಿ ಸಿಕ್ಕಿಹಾಕ್ಕೊಂಡಿದಾರೆ, ಬೇಗ ಬನ್ನಿ!" ಎಂದಷ್ಟೇ ಹೇಳಿ ಬಾಗಿಲ ಬಳಿಗೆ ಓಡಿದರು.

ಹೊಸ ಗಾಡಿ ಹೊರಟಿತು. ಹೊಸ ಸೈರನ್ನು, ಹೊಸ ದೀಪ. ದೊಡ್ಡ ರಸ್ತೆಯಲ್ಲಿ ಬಸ್ಸು ಕಾರುಗಳೆಲ್ಲ ದಾರಿ ಬಿಟ್ಟವು. ಗಾಡಿ ಬೀದಿಯೊಳಗೆ ತಿರುಗಿತು. ಎರಡೂ ಬದಿಗೆ ಒತ್ತೊತ್ತಾಗಿ ವಾಹನಗಳನ್ನು ನಿಲ್ಲಿಸಿದ್ದ ಬೀದಿ ಅದು. ಗಾಡಿಯ ಬಾಗಿಲು ತೆರೆಯುವಷ್ಟೂ ಜಾಗವಿಲ್ಲ. ಮಧ್ಯದ ಆ ಇಕ್ಕಟ್ಟು ಹಾದಿಯಲ್ಲಿ, ಕರೀ ಕೋಟು ತೊಟ್ಟು, ಕೈ ಬೆನ್ನಿಗೆ ಕಟ್ಟಿ, ರಾಜಗಾಂಭೀರ್ಯದಿಂದ ಯಜಮಾನರು ನಡೆಯುತ್ತಿದ್ದರು.

ಡ್ರೈವರಣ್ಣ ಬ್ರೇಕ್ ಒತ್ತಿದ. ಅತ್ತೆ-ಸೊಸೆ ಹಾಕಿದ. ಯಜಮಾನರು ಸರಿಯಲಿಲ್ಲ.

"ಯಜಮಾನ್ರು ಇನ್ನೂ ಪರೀಕ್ಷೆ ಮುಗ್ಸಿಲ್ಲ" ಎಂದ ಡ್ರೈವರಣ್ಣ ಭಕ್ತಿಯಿಂದ. "ರಸ್ತೆ ಮೇಲೂ ನೋಡ್ತಿದಾರೆ."

"ಒಳಗಿರೋದು ಅವರ ಹೆತ್ತತಾಯಿ ಮಾರಾಯ!" ಎಂದರು ಪಕ್ಕದಲ್ಲಿದ್ದ ಹೆಡ್ ಕ್ಲಾರ್ಕ್.

"ಅಬ್ಬಾ, ತಾಯಿಗಿಂತ ಕರ್ತವ್ಯ ದೊಡ್ಡದು ಅಂತಾರಲ್ಲ!" ಎಂದು ಡ್ರೈವರಣ್ಣ ಗಾಡಿಯನ್ನು ಅವರ ಹಿಂದೆ ಆಮೆಯಂತೆ ನಡೆಸಿದ. ಹೆಡ್ ಕ್ಲಾರ್ಕ್ ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕೂಗಿಕೊಂಡರು. ಅವರ ದನಿ ಅವರಿಗೇ ಕೇಳಿಸಲಿಲ್ಲ.

ಬಾಗಿಲು ಬಾಗಿಲಲ್ಲೂ ಜನ ನಿಂತು ಎರಡೂ ಕೈ ಎತ್ತಿ ಬೀಸುತ್ತಿದ್ದರು. ಪರೀಕ್ಷೆಯ ಸುದ್ದಿ ಆಗಲೇ ಬೀದಿಗೆ ಮುಟ್ಟಿತಲ್ಲ ಎಂದು ಯಜಮಾನರು ಉಬ್ಬಿಹೋದರು. ಅವರೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೈಬೀಸಿದರು. ಇಸ್ತ್ರಿ ಅಂಗಡಿಯಾಕೆ ಪೆಟ್ಟಿಗೆಯನ್ನು ಬಟ್ಟೆಯ ಮೇಲೆಯೇ ಬಿಟ್ಟು ಓಡಿಬಂದರು. ಆಗ ಯಜಮಾನರ ಕಣ್ಣು ಆಕೆಯ ಅಂಗಡಿಯ ಗಾಜಿನ ಮೇಲೆ ಬಿತ್ತು. ಅದರಲ್ಲಿ ಕೆಂಪು ಬೆಳಕು ಮಿಂಚಿ ಮಿಂಚಿ ಹೋಗುತ್ತಿತ್ತು. ಅವರು ಗಕ್ಕನೆ ನಿಂತರು. ಅವರ ಹಿಂದೆ ಗಾಡಿಯೂ ಗಕ್ಕನೆ ನಿಂತಿತು. ಕಣ್ಣು ಅರ್ಧ ಮುಚ್ಚಿ, ಬೆರಳೆತ್ತಿ, ಯಜಮಾನರು ಇಡೀ ಬೀದಿಗೆ ಕೇಳುವಂತೆ ನುಡಿದರು:

"ಬೆಂಕಿ ಗಾಡಿ! ದೊಡ್ಡ ರಸ್ತೇಲಿ ಹೋಗ್ತಿದೆ. ತುಂಬಾ ದೂರದಲ್ಲಿದೆ."

"ದೂರಾನಾ?" ಇಸ್ತ್ರಿಯಾಕೆ ಅವರ ಭುಜ ಹಿಡಿದು ಹಿಂದಕ್ಕೆ ತಿರುಗಿಸಿದರು. "ನಿಮ್ಮ ಬೆನ್ನು ಮೂಸ್ತಾ ಇದೆ ನೋಡ್ರಿ!"

ಯಜಮಾನರ ಮೂಗಿನ ಮುಂದೆ ಒಂದು ಗೇಣು ದೂರದಲ್ಲಿ ಗಾಡಿಯ ಮೂಗಿತ್ತು. ಅದರ ಮೇಲೆ ಕೆಂಪು ದೀಪ. ಅದರ ಕಿಟಕಿಯಲ್ಲಿ ಹೆಡ್ ಕ್ಲಾರ್ಕ್ ಬಾಯಿ ತೆರೆದು ಮುಚ್ಚಿ ತೆರೆದು ಮುಚ್ಚಿ ಮಾಡುತ್ತಿದ್ದರು. ಬೀದಿಯ ಅಷ್ಟೂ ಜನ ಕಿವಿ ಮುಚ್ಚಿಕೊಂಡಿದ್ದರು. ಯಜಮಾನರು ಒಂದೊಂದಾಗಿ ಆ ಕೈಗಳನ್ನೆಲ್ಲ ನೋಡಿದರು. ಇಷ್ಟೊಂದು ಜನರಿಗೆ ಕೇಳಿಸುತ್ತಿರುವುದು ತಮಗೆ ಕೇಳಿಸುತ್ತಿಲ್ಲ ಎಂಬುದು ಆಗ ಅವರಿಗೆ ಮೊದಲ ಬಾರಿಗೆ, ಸ್ಪಷ್ಟವಾಗಿ, ಕೇಳಿಸಿತು.

ಮುಂದಿನದೆಲ್ಲ ಓಟವೇ. ಬಾಲ್ಕನಿಯಿಂದ ಹೆಂಡತಿ ಕೈಯನ್ನು ಕೀಲಿ ತಿರುಗಿಸುವ ಹಾಗೆ ತಿರುಗಿಸಿ ತೋರಿಸಿದರು. ಯಜಮಾನರು ಮೆಟ್ಟಿಲು ಹತ್ತಿದರು, ಅವರ ಹಿಂದೆ ಕೊಡಲಿ ಹಿಡಿದ ಸಿಬ್ಬಂದಿ, ಅವರ ಹಿಂದೆ ಅರ್ಧ ಬೀದಿ. ಅವಸರದಲ್ಲಿ ಕೀಲಿ ಬೀಗದೊಳಗೆ ಹೋಗಲಿಲ್ಲ. ಹೆಂಡತಿ ಅವರ ಕೈಮೇಲೆ ಕೈಯಿಟ್ಟು ತಿರುಗಿಸಿದರು. ಬಾಗಿಲು ತೆರೆಯಿತು.

ತಾಯಿ ಟ್ರಂಕಿನ ಮೇಲೆ ಕಂಬಳಿ ಹಾಸಿಕೊಂಡು ಕೂತಿದ್ದರು. ಒಂದು ಕೈಯಲ್ಲಿ ಮಗನ ಫೋನು, ಇನ್ನೊಂದರಲ್ಲಿ ಬಿಸ್ಕತ್ತು. ಅತಿಥಿಗಳಿಗೆಂದು ಬಚ್ಚಿಟ್ಟಿದ್ದ ಡಬ್ಬಿ ಮಡಿಲಲ್ಲಿ ಬರಿದಾಗಿತ್ತು. ಕೊಡಲಿ ಹಿಡಿದವರನ್ನು ನೋಡಿ, "ಇಷ್ಟೊಂದು ಜನ ಬರ್ತೀರಿ ಅಂತ ಗೊತ್ತಿದ್ರೆ ನಾಲ್ಕು ಉಳಿಸಿರ್ತಿದ್ದೆ" ಎಂದರು.

ಎಲ್ಲರೂ ನಕ್ಕರು. ಯಜಮಾನರು ನಗಲಿಲ್ಲ. ತಾಯಿಯ ಕಾಲ ಬಳಿ ಕುಕ್ಕರಿಸಿದರು. ಒಳಗೆ ಹೊಗೆ ತುಂಬಿದ್ದರೆ? ಅಮ್ಮ ಬಿದ್ದಿದ್ದರೆ? ಆಗಲೂ ತಾನು "ತಿಂಡಿ ಆಯ್ತು" ಎಂದೇ ಹೋಗುತ್ತಿದ್ದೆನಲ್ಲ ಎಂದು ಅವರ ಕ‌ಣ್ಣು ತುಂಬಿ ಬಂತು. "ಅಮ್ಮ, ನೀನು ಕೂಗಿದ್ದು ಕೇಳಿಸ್ಲಿಲ್ಲ ಕಣಮ್ಮ" ಎಂದರು. ಆ ಮಾತನ್ನು ಅವರು ಯಾರ ಮುಂದೆಯೂ ಅದುವರೆಗೆ ಹೇಳಿರಲಿಲ್ಲ. ಈಗ ಅಗ್ನಿಶಾಮಕ ದಳದ ಮುಂದೆಯೇ ಹೇಳಿದರು. ತಾಯಿ ಅವರ ತಲೆಯ ಮೇಲೆ ಬಿಸ್ಕತ್ತಿನ ಪುಡಿ ಉದುರಿಸುತ್ತಾ ಕೈಯಾಡಿಸಿದರು. ಯಜಮಾನರು ಎದ್ದು ಹಜಾರಕ್ಕೆ ಹೋಗಿ, ಗಡಿಯಾರದ ಪಕ್ಕದ ನೀಲಿ ಡಬ್ಬಿಯನ್ನು ತಾವೇ ಕೈಗೆತ್ತಿಕೊಂಡರು. ಹೆಂಡತಿ ಗೆದ್ದೆನೆಂದು ಒಂದು ಮಾತೂ ಆಡಲಿಲ್ಲ. ಅವರ ಗಂಟಲು ಅಷ್ಟು ಕೆಟ್ಟಿತ್ತು.

ಭಾವಮೈದ ಬಂದು ಮಷೀನು ಕೂರಿಸಿಕೊಟ್ಟ. ಅದು ಸೀಟಿ ಹೊಡೆಯಲಿಲ್ಲ. ಬೀದಿಯವರೂ ಕುಕ್ಕರ್ ಎನ್ನಲಿಲ್ಲ. ಹೆಡ್ ಕ್ಲಾರ್ಕ್ ಮಾತ್ರ ಅದು ಸೈರನ್ನುಗಳನ್ನು ಇನ್ನೂ ದೂರದಿಂದ ಹಿಡಿಯುವ ಹೊಸ ಯಂತ್ರವೆಂದು ಠಾಣೆಯಲ್ಲಿ ಸುದ್ದಿ ಹಬ್ಬಿಸಿದರು. ಠಾಣೆಯ ಗೋಡೆಯ ಮೇಲೆ "ಬೆಳಕಿಲ್ಲದೆ ಸದ್ದಿಲ್ಲ" ಎಂದು ದಪ್ಪಕ್ಷರದಲ್ಲಿ ಬರೆದದ್ದೂ ಆಯಿತು.

ಮೊದಲ ಸಂಜೆ ಯಜಮಾನರು ಬಾಲ್ಕನಿಯಲ್ಲಿ ಕೂತು ಲೋಕವನ್ನು ಕೇಳಿದರು. ತಮ್ಮ ಚಪ್ಪಲಿ ಕಿರುಗುಟ್ಟುತ್ತದೆ ಎಂದು ತಿಳಿಯಿತು. ಚಹಾವನ್ನು ತಾವು ಎಷ್ಟು ಅಸಹ್ಯವಾಗಿ ಹೀರುವುದೆಂದೂ ತಿಳಿಯಿತು. ಕೆಳಗೆ ಜನ ಎಂದಿನಂತೆ ಕುರ್ಚಿ ಹಾಕಿಕೊಂಡು ಕಾದಿದ್ದರು.

ಇದ್ದಕ್ಕಿದ್ದಂತೆ ಅವರು ನೆಟ್ಟಗೆ ಕೂತರು. ಒಂದು ಮೇಲಿನ ಸ್ವರ, ಒಂದು ಕೆಳಗಿನ ಸ್ವರ. ಮತ್ತೆ ಮೇಲಿನದು, ಮತ್ತೆ ಕೆಳಗಿನದು. ಬಿಡದೆ, ಒಂದರ ಮೇಲೊಂದು. "ಅತ್ತೆ-ಸೊಸೆ!" ಎಂದು ಕೂಗಿ ಎದ್ದು ನಿಂತರು. ಎದುರಿನ ಗಾಜು ನೋಡಿದರು. ಕೆಂಪಿಲ್ಲ, ನೀಲಿಯಿಲ್ಲ. ದೀಪವೇ ಇಲ್ಲದ ಗಾಡಿ! ಕೆಳಗಿದ್ದವರೆಲ್ಲ ಕಿವಿಗೆ ಕೈಯಿಟ್ಟು ಆಲಿಸಿದರು. ಯಾರಿಗೂ ಏನೂ ಕೇಳಿಸಲಿಲ್ಲ. ಸದ್ದು ಬೀದಿಯ ಕಡೆಯಿಂದ ಬರುತ್ತಿಲ್ಲ, ಬೆನ್ನ ಹಿಂದಿನಿಂದ ಬರುತ್ತಿದೆ ಎಂದು ಯಜಮಾನರಿಗೆ ಹೊಳೆಯಿತು. ಮೆಲ್ಲನೆ ಹೋಗಿ ಅಡಿಗೆಮನೆಯ ಬಾಗಿಲಲ್ಲಿ ನಿಂತರು.

ಒಳಗೆ ಅದೇ ಹಳೆಯ ಯುದ್ಧ. ತಾಯಿ ಸೌಟು ಝಳಪಿಸುತ್ತಿದ್ದರು, ಹೆಂಡತಿ ಹುಬ್ಬು ಗಂಟಿಕ್ಕಿ ಕೈ ಬೀಸುತ್ತಿದ್ದರು.

"ಹೀಗೆ ನಿಂತ್ಕೊಂಡ್ರಂತೆ ಅತ್ತೆ, ಕೈ ಹಿಂದೆ ಕಟ್ಟಿ" ಎಂದು ಹೆಂಡತಿ ಗಂಭೀರವಾದ ಮುಖ ಮಾಡಿದರು. "'ಸಂಕೋಚ ಬೇಡ, ಟೈಮ್ ತಗೊಳ್ಳಿ' ಅಂದ್ರಂತೆ!"

"ನನಗೆ 'ತಿಂಡಿ ಆಯ್ತು' ಅಂದ್ನಲ್ಲೇ!" ಎಂದು ತಾಯಿ ಸೌಟನ್ನು ಕಟ್ಟೆಗೆ ಬಡಿದರು.

ಮತ್ತೆ ನಗು ಶುರುವಾಯಿತು. ಹೆಂಡತಿಯದು ಮೇಲಿನ ಸ್ವರ, ತಾಯಿಯದು ಕೆಳಗಿನದು. ಒಬ್ಬರು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬರು ಹಿಡಿದುಕೊಳ್ಳುತ್ತಿದ್ದರು. ಇಬ್ಬರ ಕಣ್ಣಲ್ಲೂ ನೀರು. ಯಜಮಾನರು ಬಾಗಿಲಿಗೆ ಒರಗಿ, ಇಷ್ಟು ವರ್ಷ ಈ ಮನೆಯಲ್ಲಿ ದಿನಾ ಇದೇ ನಡೆಯುತ್ತಿತ್ತೇ ಎಂದು ಬೆರಗಾಗಿ ಕೇಳುತ್ತಾ ನಿಂತರು.

ಕೆಳಗಿನಿಂದ ಹೆಡ್ ಕ್ಲಾರ್ಕ್ ಕೂಗಿದರು. ಸಣ್ಣ ದನಿಯಲ್ಲೇ ಕೂಗಿದ್ದು, ಆದರೂ ಕೇಳಿಸಿತು.

"ಯಜಮಾನರೇ, ಅತ್ತೆ-ಸೊಸೆ ಅಂದ್ರಲ್ಲ, ಯಾವ ಗಾಡೀದು?"

ಯಜಮಾನರು ಬಾಲ್ಕನಿಗೆ ಹಿಂತಿರುಗಿ, ಬಗ್ಗಿ, ಯಾರಿಗೂ ತೊಂದರೆಯಾಗದಷ್ಟು ಮೆಲ್ಲಗೆ ಹೇಳಿದರು:

"ನಮ್ಮನೇದು."